ನನ್ನ ಪರವಾಗಿ ಮಾತಾಡುವವರು

ನನಗೆ ಕಾಯಿಲೆ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಷ್ಟು ವರ್ಷ ಈ ಮಾತನ್ನು ನನ್ನನ್ನು ಬಿಟ್ಟು ಉಳಿದ ಎಲ್ಲರೂ ಹೇಳಿದ್ದಾರೆ. ಅವ್ವ ಸೆರಗನ್ನು ಬಾಯಿಗೆ ಹಿಡಿದು ಹೇಳಿದ್ದಾಳೆ. ಅಣ್ಣ ಬಾಗಿಲು ಮುಚ್ಚಿ ಹೇಳಿದ್ದಾನೆ. ಒಂದು ಕಾಲಕ್ಕೆ ನನ್ನ ಗಂಡನಾಗಿದ್ದವನು ಊರಿನ ಹಿರಿಯರನ್ನು ಕೂಡಿಸಿ, ಅವರಿಗೆಲ್ಲ ಚಹಾ ಕುಡಿಸಿ ಹೇಳಿದ್ದಾನೆ. ಈಗ ನನ್ನ ಸರದಿ.

ಕೆಲವು ವರ್ಷಕ್ಕೊಮ್ಮೆ ನನ್ನ ನಿದ್ದೆ ಹಾರಿಹೋಗುತ್ತದೆ. ಅದರ ಬೆನ್ನಿಗೇ ಮಾತು ಹೆಚ್ಚುತ್ತದೆ, ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ, ಜಗತ್ತಿನ ತಪ್ಪುಗಳನ್ನೆಲ್ಲ ಸಂಜೆಯೊಳಗೆ ತಿದ್ದಿಬಿಡಬೇಕು ಎನ್ನಿಸುತ್ತದೆ. ಆ ಅಬ್ಬರ ಇಳಿದ ಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುವುದೇ ದೊಡ್ಡ ಕೆಲಸ. ವೈದ್ಯರು ಇದಕ್ಕೊಂದು ಹೆಸರು ಕೊಟ್ಟಿದ್ದಾರೆ, ಗುಳಿಗೆ ಕೊಟ್ಟಿದ್ದಾರೆ. ಗುಳಿಗೆ ನುಂಗುತ್ತೇನೆ. ಉಳಿದ ಕಾಲದಲ್ಲೆಲ್ಲ ನಾನು ರಾಂಜಣಗಾಂವದ ಒಂದು ಕಾರ್ಖಾನೆಯ ಸ್ಟೋರ್‌ನಲ್ಲಿ ಬರುವ ಮಾಲು, ಹೋಗುವ ಮಾಲು ನೋಡಿಕೊಳ್ಳುವ ಹೆಂಗಸು. ಚಲನ್‌ನಲ್ಲಿ ಬರೆದದ್ದಕ್ಕೂ ಲಾರಿಯಲ್ಲಿ ಬಂದದ್ದಕ್ಕೂ ತಾಳೆಯಾಗದಿದ್ದರೆ ನಾನು ಸಹಿ ಹಾಕುವುದಿಲ್ಲ. ಲಾರಿ ಚಾಲಕರು ನನ್ನನ್ನು ಬೆನ್ನ ಹಿಂದೆ ಏನೆಂದು ಕರೆಯುತ್ತಾರೋ ಗೊತ್ತಿಲ್ಲ, ಎದುರಿಗೆ ಮಾತ್ರ ಮ್ಯಾಡಂ ಅನ್ನುತ್ತಾರೆ.

ಮನೆ ಪುಣೆಯ ಪಕ್ಕದ ನಿಗಡಿಯಲ್ಲಿ. ಅಪ್ಪ ಬಾಗಲಕೋಟೆ ಕಡೆಯಿಂದ ಗುಮಾಸ್ತಿಕೆ ಹುಡುಕಿಕೊಂಡು ಬಂದವನು, ಇಲ್ಲೇ ನೆಲೆ ನಿಂತ. ಅವನು ತೀರಿಕೊಂಡ ಮೇಲೆ ಅಣ್ಣ ಮನೆಯ ಯಜಮಾನನಾದ. ಆಕುರ್ಡಿಯಲ್ಲಿ ಅವನದು ವಿದ್ಯುತ್ ಸಾಮಾನಿನ ಅಂಗಡಿ. ಅವನ ಹೆಂಡತಿ, ನನ್ನ ವೈನಿ, ಜಮಖಂಡಿ ಹತ್ತಿರದ ಹಳ್ಳಿಯವಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಮದುವೆಯಾಗಿ ಎರಡನೆಯ ವರ್ಷಕ್ಕೆ ನನ್ನನ್ನು ಗಂಡನ ಮನೆಯವರು ತವರಿಗೆ ತಂದುಬಿಟ್ಟಾಗ, ಈ ಮನೆಯಲ್ಲಿ ನನಗೊಂದು ಕಪಾಟು ಖಾಲಿ ಮಾಡಿಕೊಟ್ಟವಳು ಅವಳೇ. ಆದರೆ ಅವಳ ಬಾಯಿಂದ ಎರಡು ಮಾತು ಕೂಡಿ ಬಂದದ್ದನ್ನು ಆಗ ನಾನು ಕೇಳಿರಲಿಲ್ಲ.

ನನ್ನ ಪರವಾಗಿ ಮಾತಾಡುವುದು ಅಣ್ಣನ ಕೆಲಸವಾಗಿತ್ತು. ವೈದ್ಯರ ಕೋಣೆಗೆ ಹೋದರೆ ವೈದ್ಯರು ನನ್ನ ತಲೆಯ ಮೇಲಿಂದ ಅವನನ್ನು ನೋಡಿ, ಊಟ ಸರಿಯಾಗಿ ಮಾಡುತ್ತಾರಾ ಎಂದು ಮರಾಠಿಯಲ್ಲಿ ಕೇಳುವರು. ಮಾಡುತ್ತಾಳೆ ಎಂದು ಅಣ್ಣ ಹೇಳುವನು. ನಿದ್ದೆ? ಪರವಾಗಿಲ್ಲ. ಸಿಟ್ಟು? ಸ್ವಲ್ಪ. ನಾನು ಇಬ್ಬರ ನಡುವಿನ ಕುರ್ಚಿಯಲ್ಲಿ ಕೂತು ಒಮ್ಮೆ ಅವರ ಮುಖ, ಒಮ್ಮೆ ಇವನ ಮುಖ ನೋಡುತ್ತಿದ್ದೆ. ಅಣ್ಣನ ಮರಾಠಿಗಿಂತ ನನ್ನ ಮರಾಠಿ ಚೆನ್ನಾಗಿದೆ. ಚಾಕಣದ ಗೋದಾಮಿನವರ ಜೊತೆ ಅದೇ ಮರಾಠಿಯಲ್ಲಿ ಜಗಳಾಡಿ ಗೆದ್ದವಳು ನಾನು. ಆದರೂ ಆ ಕುರ್ಚಿಯಲ್ಲಿ ಕೂತ ಕೂಡಲೇ ಎಲ್ಲರ ಪಾಲಿಗೂ ಮೂಗಿಯಾಗಿಬಿಡುತ್ತಿದ್ದೆ.

ಆ ಸಲ ಬೇಸಿಗೆಯಲ್ಲಿ ನಿದ್ದೆ ಹೋಯಿತು. ಕಾರ್ಖಾನೆಯ ಮ್ಯಾನೇಜರಿಗೆ ಸ್ಟೋರ್ ಹೇಗೆ ನಡೆಸಬೇಕೆಂದು ಉದ್ದುದ್ದ ಪತ್ರ ಬರೆದೆ, ಮನೆಯ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ತಂದು ತಿಕ್ಕಿದೆ, ಪಕ್ಕದ ಮನೆಯವರ ಪಾತ್ರೆಗಳನ್ನೂ ಕೇಳಿದೆ. ಒಂದು ಭಾನುವಾರ ಬೆಳಿಗ್ಗೆ ಅಣ್ಣ ಗೆಳೆಯನ ಕಾರು ತಂದು ನಿಲ್ಲಿಸಿ, "ತಂಗೀ, ತಯಾರಾಗು. ರಾಂಜಣಗಾಂವ ಗಣಪತಿ ದರ್ಶನ ಮಾಡಿಕೊಂಡ ಬರೂಣು" ಅಂದ.

ದಿನಾ ಕಂಪನಿ ಬಸ್ಸಿನಲ್ಲಿ ರಾಂಜಣಗಾಂವಕ್ಕೇ ಹೋಗಿಬರುವವಳಿಗೆ ರಜೆಯ ದಿನವೂ ರಾಂಜಣಗಾಂವ! ಬೇರೆ ಯಾವ ದೇವರೂ ನೆನಪಾಗಲಿಲ್ಲವೇ ಇವನಿಗೆ ಎಂದು ಈಗ ನಗು ಬರುತ್ತದೆ. ಆಗ ನನಗೆ ಹಿಗ್ಗೋ ಹಿಗ್ಗು. ಗುಡಿಯ ಚಪ್ಪಲಿ ಸ್ಟ್ಯಾಂಡಿನ ವ್ಯವಸ್ಥೆ ಸರಿಯಿಲ್ಲ, ಟ್ರಸ್ಟಿನವರಿಗೆ ತಿಳಿಸಿ ಹೇಳಬೇಕು ಎಂದುಕೊಂಡು ರೇಷ್ಮೆ ಸೀರೆ ಉಟ್ಟೆ.

ಹೊರಡುವ ಹೊತ್ತಿಗೆ ಅವ್ವ ದೇವರ ಮುಂದೆ ಕರೆದು ಮಣೆಯ ಮೇಲೆ ನಿಲ್ಲಿಸಿದಳು. ಸೆರಗು ಒಡ್ಡು ಅಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಒಂದು ಹಸಿರು ಖಣ ತಂದಿಟ್ಟುಕೊಂಡಿದ್ದಳು. ನನ್ನ ಉಡಿ ತುಂಬತೊಡಗಿದಳು.

"ಅವ್ವಾ, ಸಂಜೀಕ ಹೊಳ್ಳಿ ಬರೋಳಿಗೆ ಯಾರರ ಉಡಿ ತುಂಬತಾರೇನ?" ಎಂದು ನಕ್ಕೆ.

"ಸುಮ್ಮ ತುಂಬಿಸಿಕೋ ಯವ್ವಾ" ಅಂದಳು ಅವ್ವ. ಅಕ್ಕಿ ಅರ್ಧ ಸೆರಗಿಗೆ, ಅರ್ಧ ನೆಲಕ್ಕೆ ಬಿತ್ತು. ಕಣ್ಣು ಎತ್ತಿ ನನ್ನನ್ನು ನೋಡಲಿಲ್ಲ.

ಆಗ ನನಗೆ ತಿಳಿಯಿತು. ತಲೆ ಎಷ್ಟೇ ಓಡುತ್ತಿದ್ದರೂ ತಿಳಿಯಿತು. ಮನೆಮಗಳು ತವರಿನಿಂದ ಹೊರಟು, ಮತ್ತೆ ಯಾವಾಗ ಬರುತ್ತಾಳೋ ಗೊತ್ತಿಲ್ಲದಿದ್ದಾಗ ಉಡಿ ತುಂಬುತ್ತಾರೆ. ಗಣಪತಿಗೆ ಕೈ ಮುಗಿದು ಸಂಜೆ ರೊಟ್ಟಿ ಊಟಕ್ಕೆ ಬರುವವಳಿಗಲ್ಲ. ಅಣ್ಣ ಎಲ್ಲವನ್ನೂ ಯೋಚಿಸಿದ್ದ. ಕಾರು, ವೈದ್ಯರಿಗೆ ಮೊದಲೇ ಫೋನು, ನನ್ನ ಮೊಬೈಲು ತನ್ನ ಜೇಬಿನಲ್ಲಿ. ಅವ್ವನೂ ಅವನ ಸುಳ್ಳಿಗೆ ತಲೆಯಾಡಿಸಿದ್ದಳು. ಆದರೆ ಬರಿ ಉಡಿಯಲ್ಲಿ ಮಗಳನ್ನು ಹೊಸ್ತಿಲು ದಾಟಿಸುವುದು ಮಾತ್ರ ಅವಳಿಂದ ಆಗಲಿಲ್ಲ. ಪ್ರೀತಿಯ ಹೆಂಗಸು. ಸುಳ್ಳು ಹೇಳಲಿಕ್ಕೆ ಲಾಯಕ್ಕಿಲ್ಲದವಳು.

ತಿಳಿದರೂ, ನನ್ನ ಲೆಕ್ಕ ಸುಳ್ಳಾಗಲಿ ಎಂದುಕೊಂಡು ಕಾರು ಹತ್ತಿದೆ. ಕಾರು ಚೌಕಕ್ಕೆ ಬಂತು. ರಾಂಜಣಗಾಂವಕ್ಕೆ ತಳವಡೆ ದಾಟಿ ಚಾಕಣ, ಅಲ್ಲಿಂದ ಶಿಕ್ರಾಪುರ. ಆ ರಸ್ತೆಯ ಒಂದೊಂದು ತಗ್ಗೂ ನನಗೆ ಗೊತ್ತು. ಕಾರು ಪುಣೆಯ ಕಡೆಗೆ ತಿರುಗಿತು.

"ಅಣ್ಣಾ, ರಸ್ತಾ ತಪ್ಪಿತು."

"ಪೆಟ್ರೋಲ್ ಹಾಕಸೂದದ."

ಒಂದು ಪಂಪು ಹೋಯಿತು, ಇನ್ನೊಂದು ಹೋಯಿತು. ಚಿಂಚವಡ ದಾಟಿದೆವು. ಅವ್ವ ಬಾಯೊಳಗೇ ಸ್ತೋತ್ರ ಹೇಳುತ್ತಿದ್ದಳು. ಅಣ್ಣ ಕನ್ನಡಿಯಲ್ಲಿ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲಿಗೆ, ಎಲ್ಲಿಗೆ ಎಂದು ನಾನು ಕೇಳುತ್ತಲೇ ಇದ್ದೆ. ಆಗ ನನ್ನ ಪಕ್ಕದಲ್ಲಿ ಕೂತಿದ್ದ ವೈನಿ ನನ್ನ ಕೈ ಹಿಡಿದು ಹೇಳಿದಳು:

"ಅಕ್ಕಾರ, ಗುಡಿಗಿಲ್ರಿ. ದವಾಖಾನಿಗೆ ಹೊಂಟೀವಿ. ನೀವು ನಿದ್ದಿ ಮಾಡಿ ಭಾಳ ದಿನಾ ಆತು."

ಅಣ್ಣ ಗಕ್ಕನೆ ಬ್ರೇಕ್ ಒತ್ತಿದ. "ನಿನ್ನ ಯಾರ ಕೇಳಿದ್ರು?" ಎಂದು ಹೆಂಡತಿಯ ಮೇಲೆ ಕೂಗಿದ. ಅವಳು ತಲೆ ತಗ್ಗಿಸಿದಳು, ನನ್ನ ಕೈ ಬಿಡಲಿಲ್ಲ. ನಾನು ಆ ಕೈಯನ್ನು ಪರಚಿದೆ. ಬಾಗಿಲು ತೆಗೆಯಲು ನೋಡಿದೆ, ಅಣ್ಣ ಮೊದಲೇ ಲಾಕ್ ಹಾಕಿದ್ದ. ಬಾಯಿಗೆ ಬಂದ ಬೈಗುಳವನ್ನೆಲ್ಲ ವೈನಿಗೇ ಬೈದೆ, ಕಾರಿನಲ್ಲಿ ಸತ್ಯ ಹೇಳಿದವಳು ಅವಳೊಬ್ಬಳೇ ಆಗಿದ್ದರೂ.

ಅದು ನಗರದ ಆಚೆ ಬದಿಯ ಒಂದು ಖಾಸಗಿ ದವಾಖಾನೆ. ಒಳಗೆ ಹೋದ ಮೇಲೆ ನರ್ಸು ಪಿನ್ನು, ಬಳೆ ಎಲ್ಲ ತೆಗೆಸಿ, ಸೆರಗಿನ ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ ನೋಡಿ ಕೈ ಹಿಂದಕ್ಕೆ ತೆಗೆದಳು. ಮರಾಠಿ ಮನೆಗಳಲ್ಲೂ ಈ ಪದ್ಧತಿ ಇದೆ, ಅವರು ಓಟಿ ಅನ್ನುತ್ತಾರೆ. "ಅಯ್ಯೋ, ಓಟಿ ತುಂಬಿ ಇಲ್ಲಿಗೆ ಕಳಿಸಿದ್ದಾರಲ್ಲ" ಎಂದು ತನ್ನಷ್ಟಕ್ಕೆ ಮರಾಠಿಯಲ್ಲಿ ಅಂದಳು. ಅಷ್ಟು ಹೊತ್ತಿಗೆ ಅಣ್ಣ ಹೊರಗೆ ಎಲ್ಲ ಕಾಗದಗಳಿಗೂ ಸಹಿ ಹಾಕಿಯಾಗಿತ್ತು. ನನ್ನ ಹೆಸರು, ವಯಸ್ಸು, ನನಗೇನಾಗಿದೆ, ಏನು ಮಾಡಬೇಕು, ಎಲ್ಲವನ್ನೂ ಅವನನ್ನೇ ಕೇಳಿದ್ದರು. ಅವನು ಹೇಳಿದ್ದ.

ಅಣ್ಣ ಕೆಟ್ಟವನಲ್ಲ. ಇದನ್ನು ಓದುವವರು ಆ ತಪ್ಪು ಮಾಡಬಾರದು. ದಿನಾ ಅಂಗಡಿ ಮುಚ್ಚಿ ಇಡೀ ನಗರ ದಾಟಿ ನನಗೆ ಡಬ್ಬಿ ತರುತ್ತಿದ್ದ. ನಾನು ಮುಖ ತಿರುಗಿಸಿದರೂ ಎದುರಿಗೆ ಕೂತು ಡಬ್ಬಿ ಖಾಲಿಯಾಗುವ ತನಕ ಏಳುತ್ತಿರಲಿಲ್ಲ. ನನ್ನ ಮೇಲೆ ಅವನಿಗೆ ಜೀವ. ಆದರೆ ಜೀವ ಇದ್ದವರಿಗೆ ನನ್ನ ಬಾಯಿಯನ್ನೂ ಬರೆದುಕೊಡಬೇಕು ಎಂಬುದು ಯಾವ ನ್ಯಾಯ? ಔಷಧ ಬೇಕಿತ್ತು ನನಗೆ, ಒಪ್ಪುತ್ತೇನೆ. ಆಸ್ಪತ್ರೆಯೂ ಬೇಕಿತ್ತು, ಅದನ್ನೂ ಒಪ್ಪುತ್ತೇನೆ. ದೇವರ ಹೆಸರು ಹೇಳಿ ಕುರಿಯನ್ನು ಕರೆದೊಯ್ದ ಹಾಗೆ ಕರೆದೊಯ್ಯುವುದು ಬೇಕಿರಲಿಲ್ಲ.

ಕೆಲಸಕ್ಕೆ ಮರಳಿದಾಗ ಇನ್ನೊಂದು ಸುಳ್ಳು ಕಾದಿತ್ತು. ಕಂಪನಿಗೆ ಅಣ್ಣ ಕಾಮಾಲೆ ಎಂದು ತಿಳಿಸಿದ್ದ. ಬಸ್ಸು ಹತ್ತಿದರೆ ಸಾಕು, ಎಣ್ಣೆ ಮುಟ್ಟಬೇಡಿ, ಕಬ್ಬಿನ ಹಾಲು ಕುಡಿಯಿರಿ ಎಂದು ಎಲ್ಲರೂ ವೈದ್ಯರೇ. ಚಾಕಣದಲ್ಲಿ ಹತ್ತುವ ಒಬ್ಬರು ಯಾವುದೋ ಬೇರು ತಂದು, ಕುತ್ತಿಗೆಗೆ ಕಟ್ಟಿಕೊಳ್ಳಿ ಎಂದು ಕೊಟ್ಟರು. ಶಿಕ್ರಾಪುರದಲ್ಲಿ ಬಸ್ಸು ನಿಂತಾಗ ಎಲ್ಲರೂ ಬಿಸಿ ಭಜಿ ತಿನ್ನುವಾಗ ನಾನು ಕಿಟಕಿ ನೋಡುತ್ತ ಕೂತಿರಬೇಕಾಯಿತು. ಮಳೆಗಾಲವೆಲ್ಲ ಹಾಗೇ ಕಳೆಯಿತು. ಅಣ್ಣನ ಮಾನ ಉಳಿಸಲು ಹೋಗಿ ನನ್ನ ಭಜಿ ಹೋಯಿತು. ಕೊನೆಗೆ ಒಂದು ದಿನ ಸಿಟ್ಟು ತಡೆಯಲಾರದೆ, "ನನಗೆ ಕಾಮಾಲೆ ಆಗಿರಲಿಲ್ಲ, ತಲೆ ಕೆಟ್ಟಿತ್ತು, ಈಗ ಸರಿಯಾಗಿದೆ, ಒಂದು ಪ್ಲೇಟ್ ಇತ್ತ ಕೊಡಿ" ಎಂದು ಮರಾಠಿಯಲ್ಲಿ ಹೇಳಿಬಿಟ್ಟೆ. ಬೇರು ಕೊಟ್ಟವರೇ ಭಜಿ ಕೊಟ್ಟರು. ಮರುದಿನದಿಂದ ಕೆಲವರು ನನ್ನ ಪಕ್ಕ ಕೂರುವುದನ್ನು ಬಿಟ್ಟರು. ಬಿಡಲಿ, ಕಾಲು ಚಾಚಲು ಜಾಗವಾಯಿತು.

ಹೊಸ ಕಾಯ್ದೆಯ ವಿಷಯ ನನಗೆ ತಿಳಿದದ್ದು ಗೋಡೆಯಿಂದ. ಖಾಸಗಿ ದವಾಖಾನೆ ಬಿಟ್ಟು ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಲು ಶುರುಮಾಡಿದ್ದೆ. ಅಲ್ಲಿ ಸರದಿ ಕಾಯುತ್ತ ಕೂತಾಗ ಎದುರಿಗೆ ಮರಾಠಿಯಲ್ಲಿ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಮಾನಸಿಕ ಕಾಯಿಲೆ ಇರುವವರ ಹಕ್ಕುಗಳು ಎಂದು ಮೇಲೆ ಬರೆದಿತ್ತು. ಸ್ಟೋರ್‌ನಲ್ಲಿ ಕೆಲಸ ಮಾಡುವವಳಿಗೆ ಸಣ್ಣ ಅಕ್ಷರ ಕಂಡರೆ ಬಿಡಲಾಗುವುದಿಲ್ಲ. ಎದ್ದು ಹತ್ತಿರ ಹೋಗಿ ಪೂರ್ತಿ ಓದಿದೆ. ಆರೋಗ್ಯವಾಗಿ ಇದ್ದಾಗಲೇ, ಮುಂದೆ ಕಾಯಿಲೆ ಹೆಚ್ಚಾದರೆ ನನಗೆ ಹೇಗೆ ಚಿಕಿತ್ಸೆ ಮಾಡಬೇಕು, ಹೇಗೆ ಮಾಡಬಾರದು ಎಂದು ಬರೆದಿಡಬಹುದಂತೆ. ಆಗ ನನ್ನ ಪರವಾಗಿ ಯಾರು ನಿಲ್ಲಬೇಕು ಎಂದು ನಾನೇ ಆರಿಸಬಹುದಂತೆ. ಆರಿಸಬಹುದು ಎಂಬ ಪದವನ್ನು ಎರಡು ಸಲ ಓದಿದೆ. ಮದುವೆಯ ಸೀರೆಯನ್ನು ಕೂಡ ನಾನು ಆರಿಸಿರಲಿಲ್ಲ.

ಅಂದು ಇದ್ದ ವೈದ್ಯೆ ಚಿಕ್ಕ ವಯಸ್ಸಿನವರು. ನಿದ್ದೆ ಹೇಗಿದೆ ಎಂದರು. ಅಣ್ಣ ಎಂದಿನಂತೆ ಉತ್ತರ ಶುರುಮಾಡಿದ. ವೈದ್ಯೆ ಪೆನ್ನು ಕೆಳಗಿಟ್ಟು, ಅವರೇ ಹೇಳಲಿ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದರು. ಅಣ್ಣನ ಮುಖ ಕೆಂಪಾಯಿತು. ಅವನು ಹೋದ ಮೇಲೆ ನಾನು ಗೋಡೆಯ ಹಾಳೆಯ ಬಗ್ಗೆ ಕೇಳಿದೆ. ಕಾಯ್ದೆ ದಿಲ್ಲಿಯದು, ನಡೆಸುವುದು ರಾಜ್ಯದ ಪಾಲು, ನಿಯಮ ಮಾಡಬೇಕು, ತಕರಾರು ಕೇಳಲು ಜಿಲ್ಲೆಗಳಿಗೆ ಮಂಡಳಿ ಕೂಡಿಸಬೇಕು, ಎಲ್ಲ ನಿಧಾನ ಎಂದು ಅವರು ನಕ್ಕರು. "ಆದರೆ ನೀವು ಬರೆಯಲು ಯಾರಿಗೂ ಕಾಯಬೇಕಾಗಿಲ್ಲ" ಎಂದರು. ನಾನು ಕಾಯಲಿಲ್ಲ.

ಮುಂದಿನ ಭಾನುವಾರ ಅಡಿಗೆಮನೆಯ ಕಟ್ಟೆಯ ಮೇಲೆ ಕೂತು ಮೊದಲು ಕನ್ನಡದಲ್ಲಿ ಬರೆದೆ, ಸಿಟ್ಟು ಕನ್ನಡದಲ್ಲಿ ಸಲೀಸಾಗಿ ಬರುತ್ತದೆ. ಆಮೇಲೆ ಮರಾಠಿಗೆ ಇಳಿಸಿದೆ. ನನಗೆ ನಿದ್ದೆ ಹೋಗಿ, ನಾನು ಚೆನ್ನಾಗಿದ್ದೇನೆ ಎಂದು ಕೂಗಾಡಿದರೆ ನಂಬಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಬರೆದೆ. ಕರೆದೊಯ್ಯುವಾಗ ಎಲ್ಲಿಗೆಂದು ಹೇಳಿ ಕರೆದೊಯ್ಯಿರಿ. ದೇವರ ಹೆಸರು ಹೇಳಬೇಡಿ. ಹೋದ ಸಲ ಕೊಟ್ಟ ಆ ಒಂದು ಇಂಜೆಕ್ಷನ್ನಿನಿಂದ ನಾಲಿಗೆ ಬಿಗಿದು ಮಾತು ನಿಂತುಹೋಗಿತ್ತು, ಬೇರೆ ಇದ್ದರೆ ಕೊಡಿ, ಅದು ಬೇಡ. ನನ್ನ ಮುಂದೆ ನಿಂತು ನನ್ನ ಬಗ್ಗೆ ಇನ್ನೊಬ್ಬರನ್ನು ಕೇಳಬೇಡಿ. ಕಂಪನಿಗೆ ಕಾಮಾಲೆ ಎಂದು ತಿಳಿಸಬೇಡಿ. ಈ ಕೊನೆಯದಕ್ಕೆ ವೈದ್ಯೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಆದರೆ ತೆಗೆಯಿರಿ ಅನ್ನಲಿಲ್ಲ.

ಇನ್ನು ಪ್ರತಿನಿಧಿ, ಅಂದರೆ ನನ್ನ ಪರವಾಗಿ ನಿಲ್ಲುವವರು. ಬರೆಯುವ ಮೊದಲೇ ಮನಸ್ಸಿನಲ್ಲಿ ಒಂದೇ ಹೆಸರಿತ್ತು. ಆದರೆ ಆರಿಸಲ್ಪಟ್ಟವರು ಒಪ್ಪಿ ಬರೆದುಕೊಡಬೇಕು.

ವೈನಿ ರೊಟ್ಟಿ ಬಡಿಯುತ್ತಿದ್ದಳು. ವಿಷಯ ಹೇಳಿದೆ. ಬಡಿಯುವ ಕೈ ನಿಂತಿತು.

"ನಾ ಯಾಕ್ರಿ ಅಕ್ಕಾರ? ನಿಮ್ಮಣ್ಣಾರು ಇಲ್ಲೇನ್ರಿ?"

"ಅಂವ ಇದ್ದಾನ. ನನಗ ನೀ ಬೇಕು."

"ನನಗ ಮರಾಠಿ ಬರೂದಿಲ್ಲ. ನಾ ಓದಿದಾಕಿ ಅಲ್ಲ. ಡಾಕ್ಟರ ಮುಂದ ನಿಂತ್ರ ಕಾಲ ನಡಗತಾವ."

"ಅವತ್ತ ಕಾರಿನ್ಯಾಗ ನಡಗಲಿಲ್ಲಲಾ."

ತವೆಯ ಮೇಲಿನ ರೊಟ್ಟಿ ಕರಕಾಗುತ್ತಿತ್ತು, ನಾನೇ ತಿರುವಿಹಾಕಿದೆ. "ನಡಗತಿದ್ವು. ನೀವು ನೋಡಲಿಲ್ಲ ಅಷ್ಟ" ಅಂದಳು. ಕೈಯ ಹಿಟ್ಟು ಒರೆಸಿಕೊಂಡು, ಎಲ್ಲಿ ಸಹಿ ಹಾಕಬೇಕೆಂದು ಕೇಳಿದಳು.

ರಾತ್ರಿ ಊಟಕ್ಕೆ ಕೂತಾಗ ನಾನೇ ಅಣ್ಣನಿಗೆ ತಿಳಿಸಿದೆ. ಮುಚ್ಚಿಡಲು ನನಗೇನು ಹೆದರಿಕೆ? ಅಣ್ಣ ತಟ್ಟೆ ಸರಿಸಿದ.

"ಅಪ್ಪಾ ಹ್ವಾದ ಮ್ಯಾಲ ನಿನ್ನ ನೋಡಿದ್ದು ಯಾರು? ಊರ ಮಂದಿ ಬಾಯಿ ಮುಚ್ಚಿಸಿದ್ದು ಯಾರು? ಈಗ ನಾ ಬ್ಯಾಡಾದ್ನಿ, ನನ್ನ ಹೇಣ್ತಿ ಬೇಕಾದ್ಲು!"

"ನೀ ನನ್ನ ಅಣ್ಣ ಇದ್ದೀ, ಸಾಯೂ ತನಕಾ ಇರು. ನನ್ನ ಬಾಯಿ ಮಾತ್ರ ಆಗಬ್ಯಾಡ."

"ಮಂದಿ ಏನಂದಾರು?"

"ಮಂದಿ ಅಂದದ್ದ ಮಂದಿ ಹಂತ್ಯಾಕ ಇರಲಿ."

ಅವ್ವ ಅಳುತ್ತ, ಮನೆ ಮಾತು ಕಾಗದಕ್ಕೆ ಯಾಕೆ ಏರಿಸಿದಿ ಎಂದಳು. ಅಣ್ಣ ಹೆಂಡತಿಯ ಕಡೆ ನೋಡಿದ. ಅವಳು ಅವನ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿ ಸಾರು ಬಡಿಸಿದಳು. ಆ ವಾರವೆಲ್ಲ ಅವನು ಅವಳ ಜೊತೆಗೂ ಮಾತಾಡಲಿಲ್ಲ.

ಅಷ್ಟಕ್ಕೆ ಬಿಡಲಿಲ್ಲ ಅಣ್ಣ. ಮನೆಯವರಿಗೂ ಮಂಡಳಿಗೆ ಅರ್ಜಿ ಕೊಡುವ ದಾರಿ ಇದೆ ಎಂದು ಯಾರೋ ವಕೀಲರು ಅವನಿಗೆ ಹೇಳಿದರು. ತಂಗಿಯ ಬುದ್ಧಿ ಸ್ಥಿರವಿಲ್ಲ, ಹೆಂಡತಿಗೆ ತಿಳಿವಳಿಕೆ ಸಾಲದು, ಈ ಬರಹವನ್ನು ರದ್ದು ಮಾಡಬೇಕು ಎಂದು ಅರ್ಜಿ ಹಾಕಿದ. ಮಂಡಳಿ ಪೂರ್ತಿಯಾಗಿ ಕೂಡಲು ತಿಂಗಳುಗಳೇ ಹಿಡಿದವು. ನಾನು ಆ ಕಚೇರಿಗೆ ಎಡತಾಕಿದ್ದೇ ಎಡತಾಕಿದ್ದು. ಇನ್ನೂ ಸದಸ್ಯರ ನೇಮಕವಾಗಬೇಕು, ಮುಂದಿನ ವಾರ ಬನ್ನಿ ಎನ್ನುವರು. ಹುಚ್ಚರಿಗೆ ಹಕ್ಕು ಕೊಡುವ ಕಾಯ್ದೆಗೆ ಅವಸರ ಮಾಡಬೇಕಾದವರೂ ಹುಚ್ಚರೇ. ನಾನು ಪ್ರತಿ ಸಲ ಹೋಗಿ ಅದೇ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಕೊನೆಗೆ ಅಲ್ಲಿನ ಗುಮಾಸ್ತರು ನಾನು ಕಂಡ ಕೂಡಲೇ, ನಿಮ್ಮ ವಿಚಾರಣೆ ಮೊದಲ ದಿನವೇ ಇಟ್ಟಿದ್ದೇನೆ ಮಾವಶಿ ಎಂದು, ಚಿಕ್ಕಮ್ಮನನ್ನು ಕರೆದ ಹಾಗೆ ಕರೆದು ಕೈ ಮುಗಿದರು.

ವಿಚಾರಣೆಯ ದಿನ ಉದ್ದ ಮೇಜಿನ ಆಚೆ ಅವರು, ಈಚೆ ನಾವು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಸೌಮ್ಯ ಮುಖದವರು. ಸೌಮ್ಯವಾಗಿಯೇ ಅಣ್ಣನ ಕಡೆ ತಿರುಗಿ, ಇವರು ಏನು ಹೇಳುತ್ತಾರೆ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲೂ! ನಾನು ಎದ್ದು ನಿಂತೆ. "ಸಾಹೇಬರೇ, ಈ ಒಂದು ಪ್ರಶ್ನೆಗಾಗಿಯೇ ನಾವು ಇಲ್ಲಿಗೆ ಬಂದದ್ದು. ನಾನು ಇಲ್ಲೇ ಇದ್ದೇನೆ. ನನ್ನನ್ನು ಕೇಳಿ" ಅಂದೆ. ಅವರು ನನ್ನ ಕಡೆ ತಿರುಗಿ, ಕ್ಷಮಿಸಿ ಎಂದರು. ನನ್ನ ಜೀವಮಾನದಲ್ಲಿ ಕೇಳಿದ ಅತ್ಯಂತ ಒಳ್ಳೆಯ ಸರಕಾರಿ ಮಾತು ಅದು.

ಆಮೇಲೆ ವೈನಿಯನ್ನು ಕೇಳಿದರು. ಅವಳು ಎದ್ದಳು, ನಡುಗುವುದು ಈ ಸಲ ನನಗೆ ಕಂಡಿತು. ಇವರು ಕಾಯಿಲೆಯಲ್ಲಿದ್ದು, ಬರುವುದಿಲ್ಲ ಎಂದರೆ ನೀವೇನು ಮಾಡುತ್ತೀರಿ ಎಂಬುದು ಪ್ರಶ್ನೆ. ವೈನಿ ಮರಾಠಿಗೆ ತಡಕಾಡಿ, ಸಿಗದೆ, ಕನ್ನಡದಲ್ಲೇ ಹೇಳಿದಳು.

"ಕರಕೊಂಡ ಬರತೇನ್ರಿ. ಬೈತಾರ, ಬೈಸಿಕೋತೇನಿ. ಆದರ ಸುಳ್ಳು ಹೇಳಿ ತರೂದಿಲ್ಲ. ಒಮ್ಮೆ ಸುಳ್ಳು ಹೇಳಿದ್ರ ಮುಂದ ಗುಳಿಗಿ ಕೊಟ್ರೂ ವಿಷಾ ಅಂತಾರ. ಅವರು ಬದುಕಬೇಕಂದ್ರ ಅವರಿಗೆ ನಂಬಲಿಕ್ಕೆ ಒಬ್ಬರರ ಬೇಕಲ್ರಿ."

ಮರಾಠಿಗೆ ಯಾರು ತರಬೇಕು? ನಾನು ಅವಳ ನಾದಿನಿ, ನನ್ನದೇ ವಿಚಾರಣೆ, ನಾನು ಮಾಡುವಂತಿಲ್ಲ. ಕನ್ನಡ ಬಲ್ಲ ಇನ್ನೊಬ್ಬರು ಅಲ್ಲಿರಲಿಲ್ಲ, ಅಧ್ಯಕ್ಷರು ಅಣ್ಣನ ಕಡೆ ನೋಡಿದರು. ಅಣ್ಣ ಹೆಂಡತಿಯ ಮಾತನ್ನು ಮರಾಠಿಗೆ ತಂದ. ಬೈಸಿಕೊಳ್ಳುತ್ತೇನೆ ಎಂಬ ತನಕ ಸರಾಗವಾಗಿ ಬಂದ. ಒಮ್ಮೆ ಸುಳ್ಳು ಹೇಳಿದರೆ ಎಂಬುದನ್ನು ಕಣ್ಣು ಮೇಜಿಗೆ ಇಳಿಸಿ ಹೇಳಿದ. ಒಂದು ಪದವನ್ನೂ ಬಿಡಲಿಲ್ಲ, ಬದಲಿಸಲೂ ಇಲ್ಲ. ಅದಕ್ಕಾಗಿ ಅವನ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಮಂಡಳಿ ನನ್ನ ಬರಹವನ್ನು ಹಾಗೇ ಉಳಿಸಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದೆವು.

ಗೆದ್ದೆ ಎಂದು ನಾನು ಕುಣಿಯಲಿಲ್ಲ. ಕಾಗದ ಗೆದ್ದಿತ್ತು, ಅಷ್ಟೇ. ನಾನು ಸರಿಯಾಗಿರುವಾಗ ನನ್ನ ಮಾತು ಕೇಳುವುದರಲ್ಲಿ ಏನು ದೊಡ್ಡಸ್ತಿಕೆ? ಲಾರಿ ಚಾಲಕರೂ ಕೇಳುತ್ತಾರೆ. ತಲೆ ಕೆಟ್ಟು ನಿಂತ ದಿನ ಯಾರು ಯಾರನ್ನು ಕೇಳುತ್ತಾರೆ ಎಂಬುದೇ ನನಗಿದ್ದ ಭಯ. ಆ ದಿನ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು.

ಬಂತು. ಶ್ರಾವಣದಲ್ಲಿ ನಿದ್ದೆ ಮತ್ತೆ ಹೋಯಿತು. ನಾಲ್ಕೈದು ದಿನ ಯಾರಿಗೂ ತಿಳಿಯದ ಹಾಗೆ ನಡೆಸಿದೆ, ಆಮೇಲೆ ಆಗಲಿಲ್ಲ. ಒಂದು ಬೆಳಿಗ್ಗೆ ವೈನಿ ರಿಕ್ಷಾ ಕರೆಸಿ, ನನ್ನ ಮುಂದೆ ಬಂದು ನಿಂತು ಹೇಳಿದಳು: "ಅಕ್ಕಾರ, ದವಾಖಾನಿಗೆ ಹೊಂಟೀವಿ. ನೀವು ಬರೆದದ್ದನ್ನ ನಾ ಮಾಡಾಕತ್ತೇನಿ." ಅದನ್ನು ಬರೆದದ್ದು ನಾನಲ್ಲ, ಬೇರೆ ಯಾರೋ ಎಂದು ಕೂಗಿದೆ. ಆ ಕಾಗದ ಹರಿದುಹಾಕು ಎಂದೆ. ಅವಳ ತವರನ್ನೂ ಅವಳ ಜಮಖಂಡಿಯನ್ನೂ ಬೈದೆ. ಅವಳು ಬಾಗಿಲ ಬಳಿ ನಿಂತೇ ಇದ್ದಳು. ಎಲ್ಲಿಗೆ ಎಂದು ನಾನು ಮತ್ತೆ ಮತ್ತೆ ಕೇಳಿದೆ, ದವಾಖಾನಿಗೆ ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಪ್ರತಿ ಸಲವೂ ಉತ್ತರ ಒಂದೇ ಆಗಿತ್ತು. ಅದೊಂದು ಮಾತು ಅಲ್ಲಾಡಲಿಲ್ಲವೆಂದೇ ಇರಬೇಕು, ಬೈಯುತ್ತ ಬೈಯುತ್ತಲೇ ಚಪ್ಪಲಿ ಮೆಟ್ಟಿದೆ. ರಿಕ್ಷಾ ಹೊರಡುವ ಹೊತ್ತಿಗೆ ಅಣ್ಣ ಅಂಗಡಿಯಿಂದ ಓಡಿಬಂದು ಮುಂದೆ ಚಾಲಕನ ಪಕ್ಕ ಹೇಗೋ ಕೂತ.

ಸರಕಾರಿ ಆಸ್ಪತ್ರೆಯಲ್ಲಿ ಆ ದಿನ ಹೊಸ ವೈದ್ಯರಿದ್ದರು. ನಮ್ಮ ಮೂವರಲ್ಲಿ ಗಂಡಸು ಒಬ್ಬನೇ. ಅವರು ಸಹಜವಾಗಿ ಅವನ ಕಡೆ ತಿರುಗಿದರು. ಏನು ತೊಂದರೆ, ಎಷ್ಟು ದಿನದಿಂದ ಎಂದರು. ಅಣ್ಣ ಬಾಯಿ ತೆರೆದ. ಇಡೀ ಆಯುಷ್ಯ ಮಾಡಿಕೊಂಡು ಬಂದ ಕೆಲಸ, ನಾಲಿಗೆಯ ತುದಿಯಲ್ಲೇ ಇತ್ತು. ವೈನಿ ಅವನ ಮುಖ ನೋಡಿದಳು. ಅವನು ಬಾಯಿ ಮುಚ್ಚಿದ. ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತ. "ತಿಲಾಚ್ ವಿಚಾರಾ" ಅಂದ. ಅವಳನ್ನೇ ಕೇಳಿ.

ವೈದ್ಯರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೇಳಿದರು. ನಾನು ಹೇಳಿದೆ. ನಿದ್ದೆ ಇಲ್ಲವೆಂದು ಹೇಳಿದೆ, ಆ ಇಂಜೆಕ್ಷನ್ ಬೇಡವೆಂದು ಹೇಳಿದೆ. ಈ ಆಸ್ಪತ್ರೆಯ ಫ್ಯಾನುಗಳೆಲ್ಲ ತಿರುವುಮುರುವಾಗಿ ಸುತ್ತುತ್ತಿವೆ, ನನಗೆ ಒಂದು ಏಣಿ ಕೊಡಿ ಎಂದೆ. ನನ್ನ ವೈನಿಯನ್ನು ಕೂಡಲೇ ಜಿಲ್ಲಾಧಿಕಾರಿ ಮಾಡಬೇಕು, ಪವನಾ ನದಿಯನ್ನು ರಾಂಜಣಗಾಂವಕ್ಕೆ ತಿರುಗಿಸಬೇಕು ಎಂದೆ. ನಡುವೆ ಅಳು ಬಂತು, ಅತ್ತೆ, ಮತ್ತೆ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಬರೆದುಕೊಂಡರು, ಯಾರೂ ನಡುವೆ ಬಾಯಿ ಹಾಕಲಿಲ್ಲ. ಅಂದು ನಾನು ಆಡಿದ್ದರಲ್ಲಿ ಅರ್ಧಕ್ಕರ್ಧ ಹುಚ್ಚು ಮಾತು. ಇರಲಿ. ನನ್ನವು.